ಎಣ್ಣೆ ಬಟ್ಟಲು ಮತ್ತು ಸೇಬಿನ ಟಾರ್ಟು

ನನ್ನ ಹೆಂಡತಿ ನನ್ನ ಜೊತೆ ಮಾತು ಬಿಟ್ಟು ಅಂದಿಗೆ ಹನ್ನೊಂದು ದಿನವಾಗಿತ್ತು. ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಅವಳನ್ನು ಹಟಮಾರಿ ಅಂದುಕೊಳ್ಳುತ್ತೀರಿ. ಹಟಮಾರಿ ಹೌದು, ಆದರೆ ಈ ಸಲ ಹಟಕ್ಕೆ ಕಾರಣವಿತ್ತು.

ನಾನು ಶೇಖಪ್ಪ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ನನ್ನದೊಂದು ದಲಾಲಿ ಅಂಗಡಿ. ಸೋಮವಾರ, ಗುರುವಾರ ಪೇಟೆ. ಆ ಎರಡು ದಿನ ಬೆಳಗಿನಿಂದ ಚೀಲಕ್ಕೆ ಕೈ ಹಾಕುವುದು, ಕಾಯಿ ಮುರಿಯುವುದು, ಬೀಜ ಉದುರಿಸಿ ನೋಡುವುದು, ಇದೇ ಕೆಲಸ. ಮಧ್ಯಾಹ್ನದ ಹೊತ್ತಿಗೆ ಬೆರಳೆಲ್ಲ ಕೆಂಪು. ಬರೀ ನೀರಿಗೆ ಆ ಖಾರ ಹೋಗುವುದಿಲ್ಲ. ಮೊದಲು ಎಣ್ಣೆ ಹಚ್ಚಿ ತಿಕ್ಕಬೇಕು, ಆಮೇಲೆ ಸಾಬೂನು. ಹೀಗಾಗಿ ಮದುವೆಯಾದ ಮೂವತ್ತೊಂದು ವರ್ಷವೂ ಪೇಟೆ ದಿನ ನಾನು ಹೊಸ್ತಿಲು ದಾಟುವ ಮೊದಲೇ ಶಾರದವ್ವ ಒಳಗಿನಿಂದ "ಕೈ!" ಎಂದು ಕೂಗುತ್ತಿದ್ದಳು. ಬಚ್ಚಲ ಬಾಗಿಲಲ್ಲಿ ಎಣ್ಣೆ ಬಟ್ಟಲು ಇಟ್ಟಿರುತ್ತಿದ್ದಳು. ಬಂದಿರೇನು ಅಂತಿಲ್ಲ, ನೀರು ಬೇಕೇನು ಅಂತಿಲ್ಲ, ಮೊದಲ ಮಾತೇ "ಕೈ!" ನನಗೆ ಸಿಟ್ಟು ಬರುತ್ತಿತ್ತು. ನಾನೇನು ಬಾಲವಾಡಿಗೆ ಹೋಗುವ ಹುಡುಗನೇ?

ಆ ವರ್ಷ, ಅಂದರೆ ಎರಡು ಸಾವಿರದ ಏಳನೇ ಇಸವಿ, ಸಂಕ್ರಾಂತಿ ಮುಗಿದ ಮೇಲೆ ಶಾರದವ್ವನಿಗೆ ಒಂದು ಹುಕಿ ಹುಟ್ಟಿತು. ರಾಣೆಬೆನ್ನೂರಿನಲ್ಲಿ ಹೆಣ್ಣುಮಕ್ಕಳಿಗೆ ಹತ್ತು ದಿನದ ಬೇಕರಿ ಕ್ಲಾಸು ನಡೆದಿತ್ತು. ಐವತ್ತನೇ ವಯಸ್ಸಿಗೆ ನೋಟುಬುಕ್ಕು ಚೀಲದಲ್ಲಿಟ್ಟುಕೊಂಡು ದಿನಾ ಬಸ್ಸು ಹತ್ತಿ ಹೋದಳು. ಬರುವಾಗ ಮುಖದಲ್ಲಿ ಅದೇನು ಖುಷಿ! ದುಂಡಗಿನ ಕರೆಂಟ್ ಓವನ್ ಒಂದನ್ನೂ ತಂದಳು. ಕ್ಲಾಸು ಮುಗಿದ ವಾರಕ್ಕೇ ಮೇಡ್ಲೇರಿಯಿಂದ ನಮ್ಮ ಬೀಗರು ಬಂದರು, ಮಗಳು ಐಶ್ವರ್ಯಳ ಅತ್ತೆ ಮಾವ. ಅವರ ಮುಂದೆ ಶಾರದವ್ವ ತನ್ನ ಮೊಟ್ಟಮೊದಲ ಸೇಬಿನ ಟಾರ್ಟು ತಂದಿಟ್ಟಳು. ಮೈದಾ ಬೆಣ್ಣೆಯ ತಳ, ಅದರ ಮೇಲೆ ಸಕ್ಕರೆ ಹಚ್ಚಿದ ಸೇಬಿನ ಹೋಳು. ತಳ ಸ್ವಲ್ಪ ಗಟ್ಟಿಯಾಗಿತ್ತು. ಅಷ್ಟೇ.

ಸುಮ್ಮನೆ ತಿಂದಿದ್ದರೆ ಏನು ಹೋಗುತ್ತಿತ್ತು ನನ್ನ ಗಂಟು? ಬೀಗರ ಮುಂದೆ ಶಾಣ್ಯಾ ಆಗಬೇಕಿತ್ತಲ್ಲ! "ಇದನ್ನ ಬಾಗಿಲಿಗೆ ಆನಿಸಿಟ್ರ ಎಂಥಾ ಗಾಳಿ ಬಂದ್ರೂ ಬಾಗಿಲಾ ಬಡಿಯೂದಿಲ್ಲ ನೋಡ್ರಿ" ಅಂದೆ. ಎಲ್ಲರೂ ನಕ್ಕರು. ನಗು ಕಂಡು ಇನ್ನೂ ಹುರುಪು ಬಂತು. "ಐವತ್ತು ವರ್ಷಕ್ಕ ಬಸ್ ಹತ್ತಿ ಹೋಗಿ ಕಲ್ತದ್ದು ಇದನ್ನೇನ?" ಅಂದುಬಿಟ್ಟೆ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಶಾರದವ್ವ ತಾಟು ಎತ್ತಿಕೊಂಡು ಹೋಗಿ ಉಳಿದದ್ದನ್ನು ಎಮ್ಮೆಗೆ ಹಾಕಿದಳು. ಓವನ್ನು ಅಟ್ಟ ಸೇರಿತು.

ಅಂದಿನಿಂದ ಮಾತಿಲ್ಲ. ಹಿಂದೆಲ್ಲ ಜಗಳವಾದಾಗ ಗೋಡೆಯ ಕಡೆ ಮುಖ ಮಾಡಿಯಾದರೂ "ಬಡಿಸೇನಿ, ಉಣ್ಣೋರು ಉಣ್ಣಲಿ" ಅನ್ನುತ್ತಿದ್ದಳು. ಈ ಸಲ ಗೋಡೆಗೂ ಆ ಭಾಗ್ಯವಿಲ್ಲ. ಪೇಟೆ ದಿನ ಎಣ್ಣೆ ಬಟ್ಟಲನ್ನು ಮಾತ್ರ ಬಚ್ಚಲ ಮುಂದೆ ಠಣ್ ಅಂತ ಕುಕ್ಕಿ ಹೋಗುತ್ತಿದ್ದಳು. ಇಳಕಲ್ ಸೀರೆ ತಂದೆ, ಪೊಟ್ಟಣ ಬಿಚ್ಚಲಿಲ್ಲ. ಮಲ್ಲಿಗೆ ಮಾಲೆ ತಂದೆ, ಅದು ದೇವರ ಫೋಟೋಕ್ಕೆ ಹೋಯಿತು. 'ತಪ್ಪಾತು' ಎಂಬ ಒಂದು ಮಾತು ಇತ್ತು, ಅದು ಗಂಟಲಲ್ಲೇ ಸಿಕ್ಕಿಕೊಂಡು ಹೊರಗೆ ಬರಲೊಲ್ಲದು. ಸುಳ್ಳೇಕೆ, ನನಗೆ ಹೆದರಿಕೆಯಾಗಿತ್ತು. ಇಷ್ಟು ದಿನ ಅವಳು ಎಂದೂ ಸುಮ್ಮನಿದ್ದವಳಲ್ಲ. ಉಳಿದ ಆಯುಷ್ಯವೆಲ್ಲ ಹೀಗೇ ಮೂಕರ ಮನೆಯಾಗಿ ಹೋದರೆ ಹೇಗೆ ಅಂತ ಒಬ್ಬನೇ ಕೂತು ಸಂಕಟಪಡುತ್ತಿದ್ದೆ.

ಹಾವೇರಿಯಲ್ಲಿರುವ ಐಶ್ವರ್ಯಳಿಗೆ ಫೋನು ಮಾಡಿದೆ. ಅವಳು ತಾಯಿಯ ಮಗಳು. ನನ್ನ ಕತೆಯನ್ನೆಲ್ಲ ಕೇಳಿ, "ಮಾಡಿದ್ದುಣ್ಣೋ ಮಾರಾಯ! ಅಪ್ಪಾ, ಒಮ್ಮೆ ನೀನಽ ಆ ಟಾರ್ಟ್ ಮಾಡಿ ನೋಡು. ಆಗ ಗೊತ್ತಾಗತೈತಿ ನಿನಗ" ಎಂದು ಫೋನು ಇಟ್ಟಳು.

ಅವಳು ಚುಚ್ಚಿ ಅಂದದ್ದು. ನನಗೆ ಅದೇ ದಾರಿ ಅನ್ನಿಸಿತು. ಮಾಡೇ ತೀರುತ್ತೇನೆ!

ಹನ್ನೊಂದನೆಯ ದಿನ ಸೋಮವಾರ. ಶಾರದವ್ವ ಬೆಳಿಗ್ಗೆಯೇ ಮೋಟೆಬೆನ್ನೂರಿಗೆ ತಂಗಿಯ ಮನೆಗೆ ಹೋಗಿದ್ದಳು, ಕೂಸಿಗೆ ಹೆಸರಿಡುವ ಕಾರ್ಯ. ಸಂಜೆ ಐದೂವರೆ ಬಸ್ಸಿಗೆ ಬರುವವಳು. ಪೇಟೆಯಲ್ಲಿ ಅಂದು ಗುಂಟೂರು ಮಾಲು ಬಂದಿತ್ತು. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಗುಂಟೂರು ಹಾಗಲ್ಲ, ಅದು ಬೆಂಕಿ. ಚೀಲ ಚೀಲ ಮುರಿದು ನೋಡಿ, ಎರಡು ಗಂಟೆಗೆ ಅಂಗಡಿಯನ್ನು ತಮ್ಮ ಸಿದ್ದಲಿಂಗೇಶನಿಗೆ ಬಿಟ್ಟು, ಒಂದು ಕಿಲೋ ಸೇಬು ಕಟ್ಟಿಸಿಕೊಂಡು ಹೊರಟೆ.

ನಮ್ಮೂರಲ್ಲಿ ಸೇಬು ಅಂದರೆ ದವಾಖಾನೆಗೆ ಒಯ್ಯುವ ಹಣ್ಣು. ದಾರಿಯಲ್ಲಿ ಮೂರು ಮಂದಿ ನಿಲ್ಲಿಸಿ, "ಯಾರಿಗೆ ಆರಾಮಿಲ್ರಿ?" ಎಂದು ಕೇಳಿದರು. ನನಗೇ ಅಂತ ಹೇಳಬೇಕೆನಿಸಿತ್ತು.

ಮನೆ ಬಿಕೋ ಅನ್ನುತ್ತಿತ್ತು. ನಲ್ಲಿಯ ಕೆಳಗೆ ಕೈ ಹಿಡಿದು, ಧೋತರದ ತುದಿಗೆ ಒರೆಸಿಕೊಂಡು, ಓವನ್ನು ಅಟ್ಟದಿಂದ ಇಳಿಸಿ, ಶಾರದವ್ವನ ನೋಟುಬುಕ್ಕು ತೆರೆದೆ. ದುಂಡಗಿನ ಅಕ್ಷರ. ಮೈದಾ ಇಷ್ಟು, ಬೆಣ್ಣೆ ಇಷ್ಟು, ಬೆಣ್ಣೆ ತಣ್ಣಗಿರಬೇಕು, ಬೆರಳ ತುದಿಯಿಂದ ಉದುರಾಗಿ ಬೆರೆಸಬೇಕು. ಕೆಳಗೆ 'ನಾದಬಾರದು' ಎಂದು ಬರೆದು ಎರಡು ಗೆರೆ ಎಳೆದಿದ್ದಳು.

ನಾದಬಾರದಂತೆ! ನಾದದೆ ಹಿಟ್ಟು ಹದಕ್ಕೆ ಬರುವುದು ಎಲ್ಲಾದರೂ ಉಂಟೇ? ನಮ್ಮವ್ವ ಹೋಳಿಗೆಯ ಕಣಕವನ್ನು ಒರಳಿಗೆ ಹಾಕಿ ಕುಟ್ಟುತ್ತಿದ್ದಳು. ಇವರ ಟೀಚರಿಗೆ ತೋಳಲ್ಲಿ ಶಕ್ತಿಯಿಲ್ಲ, ಅದಕ್ಕೇ ಹೀಗೆ ಬರೆಸಿದ್ದಾಳೆ ಅಂದುಕೊಂಡು ನಾದಿದೆ ನೋಡಿ, ಕಾಲು ಗಂಟೆ! ಹಿಟ್ಟಿಗೆ ತುಸು ಕೆಂಪು ಛಾಯೆ ಬಂತು. ಸೇಬಿನ ಸಿಪ್ಪೆಯ ಬಣ್ಣ ಹತ್ತಿರಬೇಕು ಅಂದುಕೊಂಡು ಖುಷಿಪಟ್ಟೆ. ಲಟ್ಟಿಸಲು ಹೋದರೆ ಹಿಟ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ನಾನು ಈ ಕಡೆ ಒತ್ತಿದರೆ ಅದು ಆ ಕಡೆ ಸರಿಯುತ್ತದೆ. ಲಟ್ಟಣಿಗೆ ಸರಿಯಿಲ್ಲ ಎಂದು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಜಾತಿ ನಾನು. ಕಡೆಗೆ ಹಿಟ್ಟನ್ನು ತಟ್ಟೆಗೆ ಕೈಯಿಂದಲೇ ಒತ್ತಿ ಕೂಡಿಸಿದೆ. ಸೇಬು ಹೆಚ್ಚುವಾಗ ಒಂದು ಹೋಳು ದಪ್ಪ, ಒಂದು ಹಾಳೆಯಷ್ಟು ತೆಳ್ಳಗೆ. ಸೊಂಟ ಹಿಡಿದುಕೊಂಡಿತು. ಆ ದಿನ ಬೀಗರು ಬರುವ ಮೊದಲು ಶಾರದವ್ವ ಮೂರು ತಾಸು ಅಡುಗೆಮನೆ ಬಿಟ್ಟು ಬಂದಿರಲಿಲ್ಲ. ನಾನು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದೆ. ಅದು ನೆನಪಾಗಿ ಬಹಳ ಕೆಟ್ಟದೆನಿಸಿತು.

ನಾಲ್ಕು ಗಂಟೆಗೆ ಓವನ್ನಿನಲ್ಲಿಟ್ಟೆ. ನಾಲ್ಕೂ ಹತ್ತಕ್ಕೆ ಕರೆಂಟು ಹೋಯಿತು.

ಅಯ್ಯೋ ನಿನ್ನ! ಬೇಸಿಗೆ ಶುರುವಾಗುವ ಮೊದಲೇ ಲೋಡ್ ಶೆಡ್ಡಿಂಗು. ಇನ್ನು ಬರುವುದು ಆರಕ್ಕೇ. ಮುಚ್ಚಳ ತೆಗೆದರೆ ಟಾರ್ಟು ಬೆಂದೂ ಇಲ್ಲ, ಹಸಿಯೂ ಇಲ್ಲ. ಬಸ್ಸು ಬರಲು ಒಂದೂಕಾಲು ಗಂಟೆ ಇದೆ. ಇವತ್ತು ಬಿಟ್ಟರೆ ನನಗೆ ಮತ್ತೆ ಇಷ್ಟು ಧೈರ್ಯ ಬರುವುದಿಲ್ಲ ಅಂತ ಗೊತ್ತಿತ್ತು. ಕಟ್ಟಿಗೆ ಭಟ್ಟಿ ಇರುವುದು ಮಲ್ಲಿಕಸಾಬನ ಬೇಕರಿಯಲ್ಲಿ. ತಟ್ಟೆಯನ್ನು ಟವೆಲಿನಲ್ಲಿ ಹಿಡಿದು ಬೀದಿಗೆ ಇಳಿದೆ.

ಇಳಿದ ಮೇಲೆ ಗೊತ್ತಾಯಿತು, ಪೇಟೆ ದಿನ, ಊರೆಲ್ಲ ಬೀದಿಯಲ್ಲೇ ಇದೆ. ಧೋತರದ ತುಂಬ ಮೈದಾ. ಮೂಲೆಯಲ್ಲಿ ಹೂವು ಮಾರುವ ಗದಿಗೆವ್ವ ಎದ್ದೇ ನಿಂತಳು.

"ಏನ್ರಿ ಸಾವ್ಕಾರ್ರ, ತಾಟಿನ್ಯಾಗ ಏನೈತಿ?"

"ಟಾರ್ಟು" ಅಂದೆ, ಸಣ್ಣ ದನಿಯಲ್ಲಿ.

"ಶಾರದವ್ವ ಮಾಡಿದ್ದಕ್ಕ ಬೀಗರ ಮುಂದ ನಕ್ಕಿದ್ರಂತಲ್ಲ, ಅದಽ ಏನಿದು? ಈಗ ನೀವು ಮಾಡೀರೇನು? ಯವ್ವಾ, ನೋಡ ಬರ್ರೇ!"

ಊರಿಗೆಲ್ಲ ಗೊತ್ತು! ಸುತ್ತ ನಿಂತವರು ನಕ್ಕರು. ಕಿವಿಯ ತನಕ ಬಿಸಿಯಾಯಿತು. ಬೇರೆ ದಿನವಾಗಿದ್ದರೆ ಒಂದು ಬೈಗುಳ ಒಗೆದು ಮುಂದೆ ಹೋಗುತ್ತಿದ್ದೆ. ಅಂದು ಹೋಗಲಿಲ್ಲ. ಎರಡು ತಾಸು ಬೆವರು ಸುರಿಸಿದ ವಸ್ತು ಕೈಯಲ್ಲಿ ಹಿಡಿದು ನಿಂತಾಗ ಮಂದಿ ನಕ್ಕರೆ ಹೇಗಾಗುತ್ತದೆ ಅಂತ ಅಲ್ಲಿ ತಿಳಿಯಿತು.

"ಹೌದಬೇ, ನಾನಽ ಮಾಡೇನಿ. ಗಟ್ಟಿ ಆಗೈತಿ" ಅಂದೆ. ಗದಿಗೆವ್ವ ನಗು ನಿಲ್ಲಿಸಿ ದಾರಿ ಬಿಟ್ಟಳು.

ಮಲ್ಲಿಕಸಾಬ ಬನ್ನು ತೆಗೆದು ಮುಗಿಸಿ ಭಟ್ಟಿಯ ಮುಂದೆ ಬೀಡಿ ಸೇದುತ್ತ ಕುಳಿತಿದ್ದ. ತಟ್ಟೆಯನ್ನು ತಿರುಗಿಸಿ ನೋಡಿ, ಹಿಟ್ಟನ್ನು ಒಂದು ಬೆರಳಿನಿಂದ ಒತ್ತಿ, "ನಾದೀರೇನ್ರಿ ಇದನ್ನ?" ಎಂದ.

"ಸ್ವಲ್ಪ."

"ಸ್ವಲ್ಪ ಅಲ್ರಿ ಇದು, ಕುಸ್ತಿ ಹಿಡಿದೀರಿ. ಇರ್ಲಿ, ಯಾರಿಗೆ?"

"ಮನಿಯಾಕಿಗೆ. ಮಾತು ಬಿಟ್ಟಾಳ."

ಅವನು ಬೀಡಿ ಆರಿಸಿ ಎದ್ದ. ಉದ್ದ ಹಿಡಿಕೆಯ ಹಲಗೆಯ ಮೇಲೆ ತಟ್ಟೆ ಇಟ್ಟು ಭಟ್ಟಿಯ ಒಳಕ್ಕೆ ತಳ್ಳಿದ. ನಾನು ಮುಖದ ಬೆವರು ಒರೆಸಿಕೊಂಡೆ, ಕಣ್ಣು ಧಗಧಗ ಉರಿಯತೊಡಗಿತು. ಕಟ್ಟಿಗೆ ಹೊಗೆ ಕೆಟ್ಟದ್ದು ಅಂದುಕೊಂಡೆ. ಅರ್ಧ ಗಂಟೆಗೆ ತಟ್ಟೆ ಹೊರಬಂತು. ಅಂಚು ಕಂದು, ಸೇಬಿನ ಮೇಲೆ ಸಕ್ಕರೆ ಹೊಳೆಯುತ್ತಿತ್ತು. ಎಂಥ ಪರಿಮಳ! ನೋಡಿ ನನಗೇ ಅಳು ಬಂದಂತಾಯಿತು. ಒಂದು ಚೂರು ಮುರಿದು ನೋಡೋಣ ಅನ್ನಿಸಿದರೂ, ಮೊದಲು ಅವಳೇ ತಿನ್ನಬೇಕೆಂದು ಮುಟ್ಟಲಿಲ್ಲ. "ಲಗೂ ಹೋಗ್ರಿ, ಬಸ್ಸಿನ ಟೈಮಾತು" ಎಂದು ಮಲ್ಲಿಕಸಾಬ ನನ್ನನ್ನು ದಬ್ಬಿ ಕಳಿಸಿದ.

ನಾನು ಮನೆ ಸೇರಿ ಐದು ನಿಮಿಷಕ್ಕೆ ಶಾರದವ್ವ ಬಂದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಹಾಗೇ ನಿಂತಳು. ಕಟ್ಟೆಯ ಮೇಲೆ ಮೈದಾ, ನೆಲದ ಮೇಲೆ ಸೇಬಿನ ಸಿಪ್ಪೆ, ಅಟ್ಟದಿಂದ ಇಳಿದ ಓವನ್ನು, ತೆರೆದ ನೋಟುಬುಕ್ಕು, ನಡುವೆ ಟಾರ್ಟು. ಎಲ್ಲವನ್ನೂ ನೋಡಿದಳು. ನನ್ನನ್ನು ಮಾತ್ರ ನೋಡಲಿಲ್ಲ. ಮುಖದಲ್ಲಿ ಏನೂ ತಿಳಿಯಲೊಲ್ಲದು.

"ನಾನಽ ಮಾಡೇನಿ" ಅಂದೆ. "ನಿನಗಂತ."

ಅವಳು ಕೂತಳು. ನಾನು ಕೊಯ್ದು ಕೊಟ್ಟೆ. ಕೊಯ್ಯುವಾಗ ಚಾಕು ಕಟ್ ಅಂತ ಸದ್ದು ಮಾಡಿತು. ಬಾಗಿಲಿಗೆ ಆನಿಸುವುದಿರಲಿ, ನನ್ನ ಟಾರ್ಟಿನಿಂದ ಬಾಗಿಲನ್ನೇ ಮಾಡಿಸಬಹುದಿತ್ತು. ಅವಳು ಅನ್ನಲಿ, ಬೇಕಾದ್ದು ಅನ್ನಲಿ, ಆದರೆ ಏನಾದರೂ ಅನ್ನಲಿ ಅಂತ ಕಾಯುತ್ತ ನಿಂತೆ. ಒಂದು ತುಣುಕು ಬಾಯಿಗಿಟ್ಟಳು. ಅಗಿದಳು. ನಿಧಾನಕ್ಕೆ ಅವಳ ಕಣ್ಣಲ್ಲಿ ನೀರು ತುಂಬಿತು. ಮನಸ್ಸು ಕರಗಿತೇನೋ ಅಂದುಕೊಂಡೆ. ಆಮೇಲೆ ಮೂಗಲ್ಲೂ ನೀರು ಇಳಿಯಿತು. ಮುಖ ಕೆಂಪಗಾಯಿತು. ಉಸ್ ಅಂದಳು, ಹಾ ಅಂದಳು, ಸೆರಗಿನಿಂದ ಬಾಯಿ ಒತ್ತಿಕೊಂಡು ನನ್ನ ಬೆರಳುಗಳನ್ನೇ ದಿಟ್ಟಿಸಿ ನೋಡಿದಳು.

"ಕೈ!" ಅಂದಳು.

ಹನ್ನೊಂದು ದಿನದ ಮೇಲೆ ಮೊದಲ ಮಾತು. ನಾನು ನನ್ನ ಕೈ ನೋಡಿಕೊಂಡೆ. ಉಗುರ ಸಂದಿಯಲ್ಲಿ ಗುಂಟೂರು ಇನ್ನೂ ಕೆಂಪಗೆ ಕೂತಿತ್ತು.

"ಎಣ್ಣಿ ಹಚ್ಚಿ ತೊಳಕೊಂಡಿಲ್ಲ! ಪ್ಯಾಟಿ ಕೈಲೇ ಹಿಟ್ಟು ನಾದೀರಿ! ನಾದಬಾರದು ಅಂತ ಎರಡ ಗೆರಿ ಎಳದೇನಿ, ಕಣ್ಣು ಕಾಣಲಿಲ್ಲೇನ್ರಿ? ಒಂದು ದಿನ ನಾ ಮನ್ಯಾಗ ಇಲ್ಲಂದ್ರ ಕೈ ತೊಳಿಯೂದೂ ಮರೀತೀರೇನು? ಉಸ್... ನೀರು ಕೊಡ್ರಿ ಮೊದಲು!"

ನೀರು ಕೊಟ್ಟೆ. ಕುಡಿದು ಮತ್ತೆ ಬೈದಳು. ಬೀಗರ ಮುಂದೆ ನಕ್ಕದ್ದಕ್ಕೆ ಬೈದಳು, ಇಳಕಲ್ ಸೀರೆಯ ಬಣ್ಣಕ್ಕೆ ಬೈದಳು, ಅಡುಗೆಮನೆ ಹೊಲಸು ಮಾಡಿದ್ದಕ್ಕೆ, ಕರೆಂಟು ಹೋಗುವ ವೇಳೆ ನೋಡದೆ ಓವನ್ ಹಚ್ಚಿದ್ದಕ್ಕೆ ಬೈದಳು. ನಾನು ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿದೆ. ಆಹಾ, ಎದೆಯ ಮೇಲಿನ ಚೀಲ ಇಳಿಸಿದ ಹಾಗಾಗಿತ್ತು! ಮೈಯೆಲ್ಲ ಹಗುರ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಹನ್ನೊಂದು ದಿನ ಗಂಟಲಲ್ಲಿದ್ದದ್ದು ತಾನೇ ಹೊರಬಿತ್ತು.

"ತಪ್ಪಾತು, ಶಾರದಾ. ಅವತ್ತು ಹಂಗ ಅನ್ನಬಾರದಿತ್ತು."

ಎದ್ದು ಹೋಗಿ ಎಣ್ಣೆ ಬಟ್ಟಲು ತಂದಳು.

"ಹಿಡೀರಿ" ಎಂದು ನನ್ನ ಅಂಗೈಗೆ ಎಣ್ಣೆ ಸುರಿದಳು. ಬೆರಳು ಬೆರಳಿಗೆ ತಾನೇ ತಿಕ್ಕಿದಳು. ತಿಕ್ಕುತ್ತ, "ನಂದು ಇಷ್ಟು ಗಟ್ಟಿ ಆಗಿದ್ದಿಲ್ಲ ಬಿಡ್ರಿ" ಅಂದಳು. ತುಟಿಯ ಅಂಚಿನಲ್ಲಿ ನಗು ಇತ್ತು, ಖಾರಕ್ಕೆ ತುಟಿ ಇನ್ನೂ ಕೆಂಪಗಿತ್ತು. ಮೇಲಿನ ಸೇಬಿನ ಹೋಳುಗಳನ್ನು ಇಬ್ಬರೂ ಆರಿಸಿ ತಿಂದೆವು. ತಳವನ್ನು ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು.

ಮುಂದಿನ ಗುರುವಾರ ಪೇಟೆ ಮುಗಿಸಿ ಬಂದೆ. ಅಂಗಡಿಯಲ್ಲೇ ಕೈ ತೊಳೆದುಕೊಳ್ಳಬಹುದಿತ್ತು, ಎಣ್ಣೆಯೂ ಇತ್ತು, ಸಾಬೂನೂ ಇತ್ತು. ತೊಳೆಯಲಿಲ್ಲ. ಒಳಗಿನಿಂದ ಬೆಣ್ಣೆ, ಸೇಬು ಬೇಯುವ ವಾಸನೆ ಬರುತ್ತಿತ್ತು. ಚಪ್ಪಲಿ ಸದ್ದು ಮಾಡಿ, ಒಮ್ಮೆ ಕೆಮ್ಮಿ, ಹೊಸ್ತಿಲ ಹೊರಗೇ ನಿಂತೆ.

"ಕೈ!" ಎಂದು ಕೂಗಿದಳು. ಆಮೇಲೆ ಒಳಗೆ ಹೋದೆ.