ನನ್ನ ಬೆನ್ನನ್ನು ಮಾತ್ರ ಕಂಡವರು

ನಾನು ಒಂದು ಪಟ. ದೇವರ ಪಟವಲ್ಲ, ದೇಶದ ನಕಾಶೆಯೂ ಅಲ್ಲ. ಇಂಗ್ಲಿಷ್ ಕ್ರಿಯಾಪದದ ಕಾಲಗಳನ್ನು ತೋರಿಸುವ, ಗೋಡೆಗೆ ತೂಗುಹಾಕುವ ಪಟ. ಶಾಲೆಯವರು ನನ್ನನ್ನು ಟೆನ್ಸ್ ಚಾರ್ಟ್ ಎನ್ನುತ್ತಾರೆ. ಒಂದು ಕಾಲದಲ್ಲಿ ಆ ಹೆಸರು ಕೇಳಿದರೆ ನನಗೆ ಕೋಡು ಮೂಡುತ್ತಿತ್ತು. ಈಗ ಯಾರಾದರೂ ಅದನ್ನು ಎತ್ತಿದರೆ, ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿಕೊಂಡು ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಛಾಪಖಾನೆಯಲ್ಲಿ. ದಪ್ಪ ಕಾಗದದ ಮೇಲೆ ನನ್ನನ್ನು ಮೂರು ಬಣ್ಣದಲ್ಲಿ ಅಚ್ಚು ಹಾಕಿದರು. ಪಾಸ್ಟ್ ಎಂಬ ಹೋದ ಕಾಲಕ್ಕೆ ಕೆಂಪು, ಪ್ರೆಸೆಂಟ್ ಎಂಬ ಈಗಿನ ಕಾಲಕ್ಕೆ ಹಸಿರು, ಫ್ಯೂಚರ್ ಎಂಬ ಬರುವ ಕಾಲಕ್ಕೆ ನೀಲಿ. ಒಂದೊಂದು ಬಣ್ಣದಲ್ಲೂ ನಾಲ್ಕು ಮನೆ: ಸಿಂಪಲ್, ಕಂಟಿನ್ಯೂಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯೂಯಸ್. ಹೀಗೆ ಹನ್ನೆರಡು ಮನೆ. ಎಲ್ಲ ಮನೆಯಲ್ಲೂ ಒಬ್ಬನೇ ಮನುಷ್ಯ ಒಂದೇ ಕಾಗದ ಬರೆಯುತ್ತಾನೆ. ಬರೆಯುತ್ತಾನೆ, ಬರೆಯುತ್ತಿದ್ದಾನೆ, ಬರೆದಿದ್ದಾನೆ, ಬೆಳಗಿನಿಂದ ಬರೆಯುತ್ತಲೇ ಇದ್ದಾನೆ. ಪುಣ್ಯಾತ್ಮ ಯಾರಿಗೆ ಬರೆಯುತ್ತಾನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ನನ್ನ ಹಿಂದೆ ಗಟ್ಟಿ ಬಿಳಿ ಬಟ್ಟೆ ಅಂಟಿಸಿದರು. ಮೇಲೊಂದು ಕೆಳಗೊಂದು ಕಟ್ಟಿಗೆಯ ರೂಲು ಬಡಿದರು. ಮುಖಕ್ಕೆ ವಾರ್ನಿಷ್ ಬಳಿದರು. ಅಬ್ಬಾ, ಏನು ಹೊಳಪು! ಬೆನ್ನಿನ ಬಗ್ಗೆ ನಾನು ಆಗ ಯೋಚಿಸಿಯೇ ಇರಲಿಲ್ಲ. ಪಟದ ಬೆನ್ನನ್ನು ಯಾರು ನೋಡುತ್ತಾರೆ ಎಂದುಕೊಂಡಿದ್ದೆ.

ನನ್ನನ್ನು ಕೊಂಡವರು ನೇಕಾರರ ಊರೊಂದರ ಹೈಸ್ಕೂಲಿನವರು. ಬಾಗಲಕೋಟೆ ಕಡೆಯ ಊರು. ಪಾಠ ನಡೆಯುವಾಗಲೂ ಓಣಿಯಿಂದ ಮಗ್ಗದ ಸದ್ದು ಖಟಕ್ ಖಟಕ್ ಎಂದು ಒಳಗೆ ಬರುತ್ತಿತ್ತು. ಮೊದಲು ನನ್ನನ್ನು ಕೈಗೆತ್ತಿಕೊಂಡವರು ಪದ್ಮಾವತಿ ಅಕ್ಕೋರು. ಅವರು ನನ್ನನ್ನು ಮೊಳೆಗೆ ಹಾಕಿ, ಬೆತ್ತದ ತುದಿಯಿಂದ ಒಂದೊಂದೇ ಮನೆ ಮುಟ್ಟಿ, ಮಕ್ಕಳಿಂದ ಹಾಡಿಸುತ್ತಿದ್ದರು. ಮಕ್ಕಳು ನನ್ನನ್ನೇ ನೋಡುತ್ತಿದ್ದರು. ನಾನು ಬೀಗುತ್ತಿದ್ದೆ.

ಆ ಶಾಲೆಯ ಗೋಡೆ ಮಣ್ಣಿನದು. ಒಂದು ದಿನ ಮೊಳೆ ಗಾರೆಯ ಸಮೇತ ಕಿತ್ತು ಬಂತು. ಬೇರೆ ಕಡೆ ಹೊಡೆದರು, ಅಲ್ಲೂ ನಿಲ್ಲಲಿಲ್ಲ. ಅಂದಿನಿಂದ ಯಾರಾದರೂ ಒಬ್ಬರು ಮೇಲಿನ ರೂಲನ್ನು ಎರಡೂ ಕೈಯಿಂದ ಎತ್ತಿ ಹಿಡಿಯುವ ಪದ್ಧತಿ ಬಂತು. ಅಕ್ಕೋರ ಕಾಲದಲ್ಲಿ ಅದಕ್ಕೆ ಪೈಪೋಟಿ. ಎತ್ತರದ ಹುಡುಗರು "ನಾ ಹಿಡಿತೀನ್ರಿ, ನಾ ಹಿಡಿತೀನ್ರಿ" ಎಂದು ಮುಗಿಬೀಳುತ್ತಿದ್ದರು. ಅಕ್ಕೋರು ಒಬ್ಬನಿಗೆ ಕೈ ಸೋಲುವ ಮೊದಲೇ ಇನ್ನೊಬ್ಬನನ್ನು ಕರೆದು, ಮೊದಲಿನವನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು.

ಅಕ್ಕೋರು ನಿವೃತ್ತರಾದರು. ಮಮದಾಪುರ ಸರ್ ಬಂದರು.

ಮಮದಾಪುರ ಸರ್ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಡಮಾಡಿ ಬಂದವರಲ್ಲ, ಪಾಠ ತಪ್ಪಿಸಿದವರಲ್ಲ. ಆದರೆ ಪ್ರತಿ ವರ್ಷ ತಾಲೂಕಿನ ಮೀಟಿಂಗಿನಲ್ಲಿ ಅಧಿಕಾರಿಗಳು ಎಲ್ಲ ಶಾಲೆಯ ಫಲಿತಾಂಶ ಓದುತ್ತಿದ್ದರು. ಒಂದು ವರ್ಷ ನಮ್ಮ ಕಳಪೆ ಫಲಿತಾಂಶದ ಸರದಿ ಬಂದಾಗ, "ಈ ಸಾಲ್ಯಾಗ ಇಂಗ್ಲಿಷ್ ಹೇಳೂದು ಯಾರ್ರೀ? ಸ್ವಲ್ಪ ಎದ್ದ ನಿಂದ್ರಿ, ಮುಖಾ ನೋಡೋಣು" ಎಂದು ಯಾರೋ ಕೇಳಿದರಂತೆ. ಸರ್ ಎದ್ದು ನಿಂತರಂತೆ. ಮಾರನೆಯ ದಿನ ತರಗತಿಗೆ ಬಂದವರು ಹೊಸ ಕಾಯಿದೆ ಹೊರಡಿಸಿದರು.

"ಟೆನ್ಸ್ ತಪ್ಪಿದವರು ಚಾರ್ಟ್ ಹಿಡೀಬೇಕು. ಮರುದಿನ ಮೊದಲನೇ ಪ್ರಶ್ನೆ ಅವರಿಗೇ. ಬಂತೋ, ಕೂಡಬಹುದು. ಬರಲಿಲ್ಲೋ, ಮತ್ತ ಹಿಡೀರಿ. ಹಿಡದ ಹಿಡದ ತಲ್ಯಾಗ ಇಳೀತೈತಿ."

ಕಾಯಿದೆ ಎಲ್ಲರಿಗೂ ನ್ಯಾಯವಾಗಿಯೇ ಕಂಡಿತು. ನನಗೂ ಕಂಡಿತು. ನನ್ನನ್ನು ಹಿಡಿದವರು ನನ್ನ ಹಿಂದೆ ನಿಲ್ಲುತ್ತಾರೆ, ಹಿಂದೆ ನಿಂತವರಿಗೆ ನನ್ನ ಮುಖ ಕಾಣುವುದಿಲ್ಲ ಎಂಬ ಇಷ್ಟು ಸಣ್ಣ ಮಾತು ಒಬ್ಬರ ತಲೆಗೂ ಹೊಳೆಯಲಿಲ್ಲ. ಸರ್ ಬೆತ್ತದಿಂದ ನನ್ನ ಎದೆಗೆ ಬಡಿದು, "ಇಲ್ಲಿ ನೋಡ್ರಿ! ಇದು ಹಿಂಗ ಇತ್ತಂದ್ರ ಇಲ್ಲಿ ಬಂದ ಹಿಂಗ ಆಕ್ಕೈತಿ!" ಎನ್ನುತ್ತಿದ್ದರು. ತರಗತಿಯೆಲ್ಲ ನೋಡುತ್ತಿತ್ತು. ಹಿಂದೆ ನಿಂತ ಮಗುವಿಗೆ ಬೆತ್ತದ ಏಟು ಹಣೆಗೆ ತಾಗುತ್ತಿತ್ತು, ಅಷ್ಟೇ. ಪಾಠ ಮುಗಿದ ಕೂಡಲೇ ನನ್ನನ್ನು ಸುತ್ತಿ ಸ್ಟಾಫ್ ರೂಮಿನಲ್ಲಿಟ್ಟು ಬೀಗ ಹಾಕುತ್ತಿದ್ದರು, ನಾನು ಸರಕಾರಿ ಸಾಮಾನು ನೋಡಿ! ಕಲಿಯದವರೇ ಕಲಿಯಲಾಗದ ಜಾಗದಲ್ಲಿ ನಿಲ್ಲಬೇಕು ಎಂಬ ಏರ್ಪಾಡು ವರ್ಷಗಟ್ಟಲೆ ನಡೆಯಿತು.

ಒಂದು ಜೂನ್ ತಿಂಗಳಲ್ಲಿ ದಾನಮ್ಮ ಹತ್ತನೆಯ ತರಗತಿಗೆ ಬಂದಳು. ನೇಕಾರರ ಮಗಳು. ಲೆಕ್ಕ, ವಿಜ್ಞಾನ ಎಂದರೆ ಮೊದಲು ಕೈ ಎತ್ತುವವಳು. ಮೊದಲ ದಿನವೇ ಸರ್ ಕೇಳಿದರು:

"ಗೋ ಅನ್ನೋದರ ಪಾಸ್ಟ್ ಪರ್ಫೆಕ್ಟ್ ಹೇಳು."

"ಹ್ಯಾಡ್... ಹ್ಯಾಡ್ ವೆಂಟ್ ರೀ."

"ಹಿಡಿ ಹೋಗು."

ಆವತ್ತು ಹಿಡಿದಳು. ಮರುದಿನ ಮೊದಲ ಪ್ರಶ್ನೆ ಅವಳಿಗೇ. ನೋಡದೇ ಇದ್ದದ್ದು ಎಲ್ಲಿಂದ ಬರಬೇಕು? ಮತ್ತೆ ಹಿಡಿದಳು. ಗಣಪತಿ ಹಬ್ಬ ಹೋಯಿತು, ದಸರೆ ರಜೆ ಹೋಯಿತು, ಅವಳ ಕೈ ಇಳಿಯಲಿಲ್ಲ. ಹುಡುಗರು "ಚಾರ್ಟವ್ವ ಬಂದ್ಲು, ಜಾಗಾ ಬಿಡ್ರಿ" ಎಂದು ಕಿಸಿಕಿಸಿ ನಗುತ್ತಿದ್ದರು. ತರಗತಿಗೆ ಕಾಣುತ್ತಿದ್ದದ್ದು ಮೇಲೆ ಅವಳ ಬೆರಳು, ಕೆಳಗೆ ಅವಳ ಚಪ್ಪಲಿ. ನಡುವೆ ನಾನು, ಮೂರು ಬಣ್ಣದಲ್ಲಿ ಹೊಳೆಯುತ್ತ. ಒಮ್ಮೊಮ್ಮೆ ನನ್ನ ಬೆನ್ನು ಒದ್ದೆಯಾಗುತ್ತಿತ್ತು. ನನಗೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಮಡಚಿಕೊಳ್ಳಲು ಬಾರದು, ಹರಿದುಕೊಳ್ಳಲು ಬಾರದು. ಯಾವ ಪಟಕ್ಕೂ ಇಂಥ ಗತಿ ಬರಬಾರದು.

ಒಮ್ಮೆ ನನ್ನನ್ನು ಸುತ್ತುವಾಗ ಅವಳು ಗೆಳತಿ ಫರೀದಾಗೆ ಹೇಳಿದಳು: "ನನಗ ನರ್ಸ್ ಆಗಬೇಕಂತ ಐತಿ ಫರೀದಾ. ಇಂಗ್ಲಿಷಿನ್ಯಾಗ ಹೊಡತ ಬಿತ್ತಂದ್ರ ಮುಗೀತು. ನಮ್ಮಕ್ಕ ಇಂಗ್ಲಿಷಿನ್ಯಾಗ ಫೇಲಾಗಿ ಮನ್ಯಾಗ ಕಂಡಿಕಿ ಸುತ್ಕೋತ ಕುಂತಾಳ. ಎರಡನೇ ರಾಟಿ ನಿನಗ ತಂದಿಡ್ತೀನಿ ಅಂತ ಅಪ್ಪ ಹೇಳಿಬಿಟ್ಟಾನ."

ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಆ ಊರಿನಲ್ಲಿ ಓದು ನಿಂತ ಹುಡುಗಿಯರು ರಾಟೆಯ ಮುಂದೆ ಕೂತು ಅದನ್ನೇ ಸುತ್ತುತ್ತಿದ್ದರು. ಆವತ್ತಿನಿಂದ ನನ್ನ ಹೊಳಪು ನನಗೇ ಅಸಹ್ಯವಾಯಿತು.

ಜನವರಿಯಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಶಾಲೆ ನೋಡಲು ಬಂದರು. ತಮ್ಮ ಪಾಠದ ಬಗ್ಗೆ ತಮಗೇ ಬಹಳ ಮೆಚ್ಚುಗೆ ಇದ್ದ ಮನುಷ್ಯ. "ಆ ಹುಡುಗಿ ಕೂಡಲಿ. ಮಮದಾಪುರ ಅವರ, ನೀವ ಹಿಡೀರಿ. ಟೆನ್ಸ್ ಹ್ಯಾಂಗ ಹೇಳಬೇಕಂತ ನಾ ತೋರಿಸ್ತೀನಿ" ಎಂದರು. ಸರ್ ನಕ್ಕು, ಕೋಟು ಸರಿಮಾಡಿಕೊಂಡು, ನನ್ನನ್ನು ಎತ್ತಿ ಹಿಡಿದು ಹಿಂದೆ ನಿಂತರು.

ಸಾಹೇಬರು ಬೆತ್ತದಿಂದ ಬಡಿದು ಬಡಿದು ಪಾಠ ಮಾಡಿದರು. ನಡುವೆ ಚೇಷ್ಟೆಗೆಂದು, "ಸರ, ನೀವ ಹೇಳ್ರಿ, ಈ ಮನಿ ಯಾವುದು?" ಎಂದು ಒಂದು ಕಡೆ ಬೆತ್ತ ಇಟ್ಟರು. ಮಮದಾಪುರ ಸರ್ ಹನ್ನೆರಡೂ ಮನೆ ಬಾಯಿಪಾಠ ಇದ್ದವರು. ಆದರೆ ಬೆತ್ತ ಯಾವ ಮನೆಯ ಮೇಲಿದೆ ಎಂದು ಅವರಿಗೆ ಕಾಣಬೇಕಲ್ಲ! ಅಂದಾಜಿನಲ್ಲಿ ಒಂದು ಹೇಳಿದರು. ತಪ್ಪಾಯಿತು. ತರಗತಿ ಹೋ ಎಂದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ, "ಹಿಡೀರಿ ಸರ!" ಎಂದು ಕೂಗಿದರು. ಸರ್ ಅವರ ಬಿಸಿ ಉಸಿರು ನನ್ನ ಬೆನ್ನಿಗೆ ಬಡಿಯಿತು. ದಾನಮ್ಮ ಅಂದು ನನ್ನ ಎದುರಿಗೇ ಕೂತಿದ್ದಳು. ನನ್ನನ್ನು ನೋಡಬಹುದಿತ್ತು, ನೋಡಲಿಲ್ಲ. ನಗಲೂ ಇಲ್ಲ. ನನ್ನ ಕೆಳಗೆ ಕಾಣುತ್ತಿದ್ದ ಸರ್ ಅವರ ಬೂಟನ್ನೇ ನೋಡುತ್ತ ಕೂತಿದ್ದಳು.

ಸಾಹೇಬರು ಹೋದ ಮೇಲೆ, ಮಕ್ಕಳೂ ಹೋದ ಮೇಲೆ, ಸರ್ ನನ್ನನ್ನು ಮೇಜಿನ ಮೇಲೆ ಬೋರಲು ಹಾಸಿದರು. ನನ್ನ ಬೆನ್ನನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು. ಹಣೆ ತಾಗುವ ಎತ್ತರದಲ್ಲಿ ಕೊಬ್ಬರಿ ಎಣ್ಣೆಯ ಕಲೆ, ಬೆವರಿನ ಕಲೆ, ಕಪ್ಪಗೆ ಒಂದು ಅಗಲವಾದ ಮಚ್ಚೆ. ಎಷ್ಟು ವರ್ಷದ ಎಷ್ಟು ಮಕ್ಕಳ ಹಣೆಯೋ! ಅದರ ಮೇಲೆ ಕೈ ಇಟ್ಟರು. "ಹಿಂದ ನಿಂತ್ರ ಏನೂ ಕಾಣಂಗಿಲ್ಲ" ಎಂದರು, ತಮಗೆ ತಾವೇ.

ಮರುದಿನ ಅವರು ಮೆತ್ತಗಿನ ದನಿಯಲ್ಲಿ ದಾನಮ್ಮನಿಗೆ ಪ್ರಶ್ನೆ ಕೇಳಿದರು. ಅವಳು ಎದ್ದಳು. ನೇರ ಮೂಲೆಗೆ ಬಂದು, ನನ್ನನ್ನು ತೆಗೆದು, ಬಿಚ್ಚಿ, ಎತ್ತಿ ಹಿಡಿದು ನಿಂತುಬಿಟ್ಟಳು.

"ಬ್ಯಾಡವ್ವ, ಕೂಡು" ಎಂದರು ಸರ್.

ಅವಳು ಕೂರಲಿಲ್ಲ. ಇದೂ ಏನೋ ಹೊಸ ಶಿಕ್ಷೆ ಇರಬೇಕೆಂದು ಹೆದರಿ ಇನ್ನಷ್ಟು ಎತ್ತರಕ್ಕೆ ಹಿಡಿದಳು. ಸರ್ ಬಂದು ಅವಳ ಬೆರಳುಗಳನ್ನು ರೂಲಿನಿಂದ ಬಿಡಿಸಬೇಕಾಯಿತು. ಆವತ್ತು ಯಾರೂ ನಗಲಿಲ್ಲ. ನನಗಂತೂ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತ್ತು.

ಅಷ್ಟರಲ್ಲಿ ಪರೀಕ್ಷೆ ಬಂದೇಬಿಟ್ಟಿತ್ತು. ಫಲಿತಾಂಶ ಬಂದಾಗ ದಾನಮ್ಮ ಎಲ್ಲದರಲ್ಲೂ ಪಾಸು, ಇಂಗ್ಲಿಷಿನಲ್ಲಿ ಫೇಲು. ಎರಡನೆಯ ರಾಟೆ ಮನೆಗೆ ಬಂತೆಂದು ಫರೀದಾ ಬಂದು ಹೇಳಿದಳು. ಸರ್ ಆ ಮಾತು ಕೇಳಿ, ಚಹಾದ ಕಪ್ಪು ಹಾಗೇ ಬಿಟ್ಟು ಎದ್ದು ಅವರ ಮನೆಗೆ ಹೋದರು. ಅಲ್ಲಿ ಏನು ಮಾತಾಯಿತೋ ನಾನು ಕಾಣೆ. ಮಾರನೆಯ ದಿನದಿಂದ ಸಪ್ಲಿಮೆಂಟರಿ ಪರೀಕ್ಷೆಗೆ ಓದಲು ದಾನಮ್ಮ ಖಾಲಿ ಶಾಲೆಗೆ ಬರತೊಡಗಿದಳು. ಜೊತೆಗೆ ಅಕ್ಕ ನಿಂಬೆವ್ವ ಬಂದು ಬಾಗಿಲ ಬಳಿ ಕೂರುತ್ತಿದ್ದಳು.

ಮೊದಲ ದಿನ ಸರ್ ನನ್ನನ್ನು ಬಿಚ್ಚಿ ತಾವೇ ಎತ್ತಿ ಹಿಡಿದರು. "ನೀ ಅಲ್ಲಿ ಕುಂತ ನೋಡವ್ವ, ನಾ ಹಿಡಿತೀನಿ" ಎಂದರು. ದಾನಮ್ಮ ಮುಖ ತಿರುಗಿಸಿದಳು.

"ಅದ ಬ್ಯಾಡ್ರಿ ಸರ. ಅದನ್ನ ನೋಡಿದ್ರ ನನಗ ಕೈ ನೋಯ್ತಾವ್ರಿ."

ಸರ್ ನನ್ನನ್ನು ಇಳಿಸಿದರು. "ತಪ್ಪಾತವ್ವ. ನಂದ ತಪ್ಪಾತು" ಎಂದರು.

"ನಾನೂ ಹಿಡದೀನ್ರಿ ಸರ" ಎಂದಳು ಬಾಗಿಲ ಬಳಿಯಿಂದ ನಿಂಬೆವ್ವ. "ನಿಮ್ಮ ಕ್ಲಾಸಿನ್ಯಾಗ ಇದ್ನಿ. ನಿಮಗ ನೆನಪಿಲ್ಲ ಬಿಡ್ರಿ."

ಸರ್ ಅವರಿಗೆ ನೆನಪಿರಲಿಲ್ಲ. ಅಯ್ಯೋ, ನನಗೂ ಇರಲಿಲ್ಲ. ನಾನು ನೋಡುತ್ತಿದ್ದದ್ದು ತರಗತಿಯನ್ನು. ನನ್ನನ್ನು ಹೊತ್ತವರ ಮುಖ ನಾನು ಯಾವತ್ತು ನೋಡಿದ್ದೆ?

ಆಮೇಲೆ ಸರ್ ನನ್ನ ಹಂಗಿಲ್ಲದೆ ಪಾಠ ಮಾಡಿದರು. "ನಿಮ್ಮವ್ವ ದಿನಾ ಏನ ಮಾಡ್ತಾಳ?" ಎಂದು ಕೇಳಿದರು.

"ಕಂಡಿಕಿ ಸುತ್ತತಾಳ್ರಿ."

"ಈಗ, ಈ ಹೊತ್ತಿನ್ಯಾಗ?"

"ಸುತ್ತಾಕತ್ತಾಳ್ರಿ."

"ಸಂಜೀಕ ಮನಿಗಿ ಹೋಗ್ತಿ. ಬುಟ್ಟಿ ತುಂಬೈತಿ. ಏನಂತಿ?"

"ಸುತ್ತ್ಯಾಳ ಅಂತೀನ್ರಿ."

"ಹಾಂ! ವೈಂಡ್ಸ್, ಈಸ್ ವೈಂಡಿಂಗ್, ಹ್ಯಾಸ್ ವೌಂಡ್. ಮೂರೂ ಮನಿ ನಿನ್ನ ಬಾಯಾಗ ಅದಾವಲ್ಲವ್ವ!"

ದಾನಮ್ಮ ಬಾಯಿ ಬಿಟ್ಟುಕೊಂಡು ಕೂತಳು. ಆಮೇಲೆ ನಕ್ಕಳು. ಅವಳ ನಗು ನಾನು ಕೇಳಿದ್ದು ಅದೇ ಮೊದಲು. ನನ್ನ ಕಾಗದ ಬರೆಯುವ ಮನುಷ್ಯ ಇಷ್ಟು ವರ್ಷ ಒದ್ದಾಡಿ ಹೇಳಲಾರದ್ದನ್ನು ಅವಳವ್ವನ ರಾಟೆ ಒಂದು ಹೊತ್ತಿನಲ್ಲಿ ಹೇಳಿತು. ಬಾಗಿಲ ಬಳಿ ನಿಂಬೆವ್ವನ ತುಟಿಯೂ ಅಲುಗುತ್ತಿತ್ತು. ಒಮ್ಮೊಮ್ಮೆ ತಂಗಿಗಿಂತ ಮೊದಲು ಅವಳೇ ಉತ್ತರ ಹೇಳಿ, ನಾಲಿಗೆ ಕಚ್ಚಿಕೊಂಡು ಸುಮ್ಮನಾಗುತ್ತಿದ್ದಳು.

ದಾನಮ್ಮ ಪಾಸಾದಳು. ಒಳ್ಳೆಯ ಅಂಕವೇ ಬಂತು. ಮಾರ್ಕ್ಸ್ ಕಾರ್ಡ್ ತೆಗೆದುಕೊಳ್ಳಲು ಅಕ್ಕತಂಗಿ ಇಬ್ಬರೂ ಸ್ಟಾಫ್ ರೂಮಿಗೆ ಬಂದು ಪೇಢೆ ಹಂಚಿದರು. ಕಾಲೇಜಿನ ಅರ್ಜಿಗೆ ಸಹಿ ಹಾಕಿಸಿಕೊಳ್ಳಲು ದಾನಮ್ಮ ಹೆಡ್‌ಮಾಸ್ತರರ ಕೋಣೆಗೆ ಓಡಿದಳು. ಸರ್ ಖುಷಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಮೂಲೆಯಲ್ಲಿ, ಅಂತೂ ಒಂದು ಪಾಪ ಕಳೆಯಿತು ಎಂದು ಉಸಿರು ಬಿಟ್ಟೆ.

ಆಗ ನಿಂಬೆವ್ವ ನನ್ನ ಬಳಿ ಬಂದಳು. ದಾರ ಬಿಚ್ಚಿ ನನ್ನನ್ನು ಮೇಜಿನ ಮೇಲೆ ಹಾಸಿದಳು. ಮುಖ ಮೇಲೆ ಮಾಡಿ. ನೂಲು ಎಳೆದು ಎಳೆದು ಗೆರೆ ಬಿದ್ದ ಬೆರಳನ್ನು ಮೊದಲ ಮನೆಯ ಮೇಲಿಟ್ಟಳು. ತುಟಿ ಅಲುಗಿಸುತ್ತ ಓದಿದಳು. ಎರಡನೆಯದು, ಮೂರನೆಯದು... ಅವಸರ ಮಾಡಲಿಲ್ಲ, ಎಲ್ಲೂ ತಡವರಿಸಲಿಲ್ಲ. ಕೊನೆಯ ಮನೆಯವರೆಗೂ ಓದಿ ಬೆರಳು ಎತ್ತಿದಳು. ಅವಳ ಮುಖ ನಾನು ನೋಡಿದೆ. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಇಷ್ಟೇ ಏನ್ರೀ ಸರ, ಇದು?" ಎಂದಳು.

ಅವಳು ಉತ್ತರಕ್ಕೆ ಕಾಯಲಿಲ್ಲ. ಸುತ್ತಿ ಪಳಗಿದ ಕೈ, ಒಂದೂ ಸುಕ್ಕು ಬಾರದ ಹಾಗೆ ನನ್ನನ್ನು ಸುತ್ತಿ, ದಾರ ಕಟ್ಟಿ, ತಂಗಿಯನ್ನು ಕರೆದುಕೊಂಡು ಹೊರಟುಹೋದಳು. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಕಂಡಿಕೆ ಬಾಕಿ ಇದ್ದಿರಬೇಕು.

ಸರ್ ನನ್ನನ್ನು ಮತ್ತೆ ತರಗತಿಗೆ ಒಯ್ಯಲಿಲ್ಲ. ಈಗ ಕಪಾಟಿನ ಮೇಲೆ ಮಲಗಿದ್ದೇನೆ. ವಾರ್ನಿಷ್ ಬಿರಿದಿದೆ, ಒಳಗೆ ಹಲ್ಲಿ ಮೊಟ್ಟೆ ಇಟ್ಟಿದೆ. ಹೊಸ ಮಕ್ಕಳು ಬರುತ್ತಾರೆ, ಹೋಗುತ್ತಾರೆ, ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ಒಳ್ಳೆಯದೇ ಆಯಿತು. ಅವಳ ಪ್ರಶ್ನೆಗೆ ಮಾತ್ರ ನಾನು ದಿನವೂ ಉತ್ತರ ಹೇಳುತ್ತೇನೆ, ಕೇಳುವವರಿಲ್ಲದಿದ್ದರೂ. ಹೌದು ನಿಂಬೆವ್ವ, ಇಷ್ಟೇ. ನಿನ್ನನ್ನು ಎದುರಿಗೆ ಕೂರಿಸಿದ್ದರೆ ಒಂದು ವಾರದ ಕೆಲಸ.