ಟೋರ್ಕಿಲ್‌ಗೆ ಬಂದಿದ್ದ ಪತ್ರ

ಒದ್ದೆ ಉಣ್ಣೆಯ ವಾಸನೆ, ಬಂದರಿನ ಕಡೆಯವರು, ಹದಿನೆಂಟು ವರ್ಷದಿಂದ ಈ ಕಣ್ಣಾಸ್ಪತ್ರೆಯ ನೋಂದಣಿ ಕಿಟಕಿಯಲ್ಲಿ ಕೂತ ವಿಬೆಕೆಗೆ ತಲೆಯೆತ್ತದೆಯೇ ತಿಳಿಯುತ್ತದೆ, ಎತ್ತಿದರೆ ಟೋರ್ಕಿಲ್, ಬಲೆ ಹೆಣೆಯುತ್ತಿದ್ದ ಮುದುಕ, ತೋಳು ಹಿಡಿದುಕೊಂಡು ತಂಗಿ ಗುಡ್ರುನ್ — ಡಾಕ್ಟರು ಆಗಲೇ ಬರೆದಿದ್ದಾರೆ, ಪರದೆಯ ಮೇಲಿದೆ, ಎರಡೂ ಕಣ್ಣು ಹೋಗಿವೆ, ತಡವಾಯಿತು, ಇನ್ನು ಇಂಜೆಕ್ಷನ್ನಿನಿಂದ ಪ್ರಯೋಜನವಿಲ್ಲ. ಫೆಬ್ರವರಿಯಲ್ಲಿ ಒಬ್ಬನೇ ನಡೆದು ಬಂದಿದ್ದನಲ್ಲ, ಮುಂದಿನ ಸೂಜಿ ಯಾವತ್ತು ಅಂತ ಒಂದು ಚೀಟೀಲಿ ಬರ್ಕೊಡಮ್ಮ ಎಂದಿದ್ದ, ಈಗ ಚೀಟಿ ಇಲ್ಲ ಟೋರ್ಕಿಲ್ ಎಂದಿದ್ದಳು ಇವಳು, ಪತ್ರ ಫೋನಿಗೇ ಬರುತ್ತೆ, ನನ್ನ ಫೋನಲ್ಲಿ ಗುಂಡಿ ಬಿಟ್ರೆ ಇನ್ನೇನಿದೆ, ಹಾಗಾದ್ರೆ ಗ್ರಂಥಾಲಯಕ್ಕೆ ಹೋಗಿ, ಪತ್ರ ತೆರೆಯೋದು ಹೇಗೆ ಅಂತ ಅಲ್ಲಿಯವರು ತೋರಿಸಿಕೊಡ್ತಾರೆ. ಹೂಂ ಎಂದು ಟೋಪಿ ಹಾಕಿಕೊಂಡು ಹೋದ. ಕಾಗದದಲ್ಲೇ ಕಳಿಸಿ ಎಂದು ಕೇಳಿಕೊಳ್ಳುವ ಅರ್ಜಿ ಅವಳ ಎರಡನೆಯ ಡ್ರಾಯರಿನಲ್ಲೇ ಇತ್ತು, ಈಗಲೂ ಇದೆ, ಒಂದು ಸಹಿ, ಎರಡು ನಿಮಿಷ, ಆದರೆ ಅವತ್ತು ಸಾಲು ಬಾಗಿಲು ಮುಟ್ಟಿತ್ತು, ಸಾಲು ಬಾಗಿಲು ಮುಟ್ಟದ ದಿನ ಯಾವುದಿತ್ತು — ತನ್ನ ಅಮ್ಮನ ಫೋನಿಗೆ ಬಂದ ಪತ್ರಗಳನ್ನು ಮಾತ್ರ ಅವಳು ಭಾನುವಾರ ಕಾಫಿ ಕುಡಿಯುತ್ತ ಒಂದೊಂದಾಗಿ ಓದಿ ಹೇಳುತ್ತಾಳೆ, ಒಂದೂ ತಪ್ಪಿಲ್ಲ, ಅಮ್ಮನಿಗೆ ಮಗಳಿದ್ದಾಳೆ. ಗ್ರಂಥಾಲಯಕ್ಕೆ ಎರಡು ಸಲ ಹೋಗಿದ್ದ, ಗುಡ್ರುನ್ ಹೇಳುತ್ತಿದ್ದಾಳೆ, ಬೇರೆ ಫೋನ್ ತಗೊಂಡು ಬನ್ನಿ ಅಂದ್ರಂತೆ, ನಾನಿರೋದು ದೂರದ ಆಲ್ಬೋರ್ಗಲ್ಲಿ, ನನಗೆ ಗೊತ್ತಾಗಿದ್ದೇ ಹೋದ ವಾರ. ಬೈಯಲಿ ಎಂದು ವಿಬೆಕೆ ಕಾದಳು, ಗುಡ್ರುನ್ ಬೈಯಲಿಲ್ಲ, ವಿಬೆಕೆಯ ಎದೆಯೊಳಗೆ ಏನೂ ಅಲುಗಲಿಲ್ಲ, ಚಳಿಗೆ ಮರಗಟ್ಟಿದ ಕಾಲನ್ನು ಮುಟ್ಟಿದ ಹಾಗೆ. ಅರ್ಜಿ ನನ್ನ ಹತ್ರಾನೇ ಇತ್ತು ಟೋರ್ಕಿಲ್, ನಾನು ಕೊಡಲಿಲ್ಲ — ಇದನ್ನು ಹೇಳಿದ್ದು ತನ್ನದೇ ದನಿ. ಆತ ದನಿ ಬಂದ ಕಡೆ ಮುಖ ತಿರುಗಿಸಿದ, ತುಸು ತಪ್ಪಿ, ಅವಳ ಹಿಂದಿನ ಗೋಡೆಯ ಕಡೆ. ಅವತ್ತು ಜನ ಜಾಸ್ತಿ ಇದ್ರು, ಬಿಡಮ್ಮ. ಆ ಪತ್ರ ಇದ್ಯಾ ಅಲ್ಲಿ, ಇದ್ರೆ ಓದು, ಏನು ಬರೆದಿದ್ರು ಅಂತ ಕೇಳ್ತೀನಿ. ಇತ್ತು, ಮಾರ್ಚ್ ನಾಲ್ಕರದು, ಇನ್ನೂ ಯಾರೂ ತೆರೆದಿಲ್ಲ ಎಂದು ತೋರಿಸುವ ದಪ್ಪಕ್ಷರದಲ್ಲಿ. ಓದಿದಳು, ಪ್ರಿಯ ಟೋರ್ಕಿಲ್, ನಿಮ್ಮ ಚಿಕಿತ್ಸೆಗೆ ಹನ್ನೊಂದನೇ ತಾರೀಖು ಬೆಳಗ್ಗೆ ಒಂಬತ್ತೂವರೆಗೆ ಬನ್ನಿ, ಬರಲಾಗದಿದ್ದರೆ ಈ ಸಂದೇಶಕ್ಕೆ ಉತ್ತರಿಸಿ, ಓದುತ್ತಿದ್ದ ಹಾಗೆ ಆತನ ತೋರುಬೆರಳು ಕಿಟಕಿಯ ಕಟ್ಟೆಯ ಬರಿಯ ಹಲಗೆಯ ಮೇಲೆ ಎಡದಿಂದ ಬಲಕ್ಕೆ ಸರಿಯುತ್ತಿತ್ತು, ಸಾಲು ಮುಗಿದಲ್ಲಿ ಒಂದಿಷ್ಟು ಕೆಳಗಿಳಿದು ಮತ್ತೆ ಎಡಕ್ಕೆ, ಕಾಗದದ ಮೇಲಿನ ಅಕ್ಷರದ ಜಾಡು ಹಿಡಿದವರ ಹಾಗೆ, ಪತ್ರ ಮುಗಿಯಿತು, ಅವಳ ದನಿ ನಿಂತಿತು, ಬೆರಳು ಸರಿಯುತ್ತಲೇ ಇತ್ತು, ಅವರಿಬ್ಬರೂ ಹೋಗಿ ಎಷ್ಟು ಹೊತ್ತಾಯಿತು, ಮುಂದಿನವರು ಬನ್ನಿ ಎನ್ನಬೇಕು, ಮುಂದಿನವರು, ಅವಳ ಕಣ್ಣಿಗೆ ಹಲಗೆಯ ಮೇಲೆ ಇನ್ನೂ ಆ ಬೆರಳು, ಎಡದಿಂದ ಬಲಕ್ಕೆ, ಬೆರಳು