ಅಕ್ಕನಾಗಮ್ಮನ ಕಟ್ಟೆ

ಅರಳಿಮರದ ಬುಡದ ಸುತ್ತ ಒಂದು ಬೆರಳಷ್ಟೂ ಮಣ್ಣು ಕಾಣದಂತೆ ಕರಿ ಗ್ರಾನೈಟ್ ಹಾಸಿಬಿಟ್ಟಿದ್ದರು. ರೂಪಶ್ರೀ ಹೆಲ್ಮೆಟ್ ಕೂಡ ತೆಗೆಯದೆ ಕಟ್ಟೆಯ ಅಂಚಿನಲ್ಲಿ ಕುಸಿದು ಕೂತಳು. ಉದ್ಯಾನ ವಿನ್ಯಾಸಕಿ ಅಂತ ಬೋರ್ಡು ಬೇರೆ ಕೇಡು! ಹರಿಹರದಲ್ಲಿ ಹೊಳೆಗಿಳಿಯುವ ಈ ಹಳೇ ಹಾದಿಯನ್ನು ಚೆಂದ ಮಾಡಲೆಂದು ದಿನವೂ ದಾವಣಗೆರೆಯಿಂದ ಸ್ಕೂಟರ್ ಓಡಿಸಿದ್ದೇ ಬಂತು. ಅವಳು ನಕ್ಷೆಯಲ್ಲಿ ಬರೆದುಕೊಟ್ಟ ಹೊಂಗೆಮರದ ಸಾಲು ಹೋಗಿ ಪಾರ್ಕಿಂಗ್ ಆಯಿತು. ಹಳೆಯ ಕಲ್ಲಿನ ಮೆಟ್ಟಿಲಿಗೆ ಬಣ್ಣ ಬಳಿದರು. ಹಾಳಾಗಿ ಹೋಗಲಿ, ಈ ಮರದ ಬುಡಕ್ಕಾದರೂ ಮಣ್ಣು ಬಿಡಿ ಎಂದು ಗಂಟಲು ಹರಿಯುವಂತೆ ಹೇಳಿದ್ದಳು. ಈ ಕಡೆಯವರಿಗೆ ಮಣ್ಣೆಂದರೆ ಗಲೀಜು. ಭಕ್ತಿ ಹೆಚ್ಚಿದಷ್ಟೂ ಗ್ರಾನೈಟ್ ಹೆಚ್ಚು.

"ನನ್ ಮ್ಯಾಲೆ ಸಿಟ್ಟಾಗಬ್ಯಾಡ್ರಿ ಮೇಡಂ," ಎಂದ ಕಂಟ್ರಾಕ್ಟರ್ ಬಕ್ಕೇಶ್. "ಸಾವ್ಕಾರ್ರೇ ನಿಂತು ಹಾಕ್ಸಿದ್ರು. ಕಲ್ಲೂ ಅವರ್ದೇ. ಹೆಂಗೆ ಬ್ಯಾಡ ಅನ್ಲಿ?"

ಸಾವ್ಕಾರರೆಂದರೆ ಹತ್ತಿ ವ್ಯಾಪಾರದ ಪರಮೇಶ್ವರಪ್ಪ. ಅವರ ಹೆಂಡತಿ ಅಕ್ಕನಾಗಮ್ಮ ಬದುಕಿದ್ದಷ್ಟು ಕಾಲ ಸೋಮವಾರ ತಪ್ಪದೆ ಹೊಳೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಕೊಡ ನೀರು ತಂದು ಈ ಮರಕ್ಕೆ ಹಾಕುತ್ತಿದ್ದರು. ಈಗ ಅವರ ಹೆಸರು ಬುಡದ ಕಲ್ಲಿನಲ್ಲಿ ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು. ಇದನ್ನು ಕೀಳಿಸಿ ಎಂದು ಯಾವ ಬಾಯಿಂದ ಹೇಳುವುದು? ಹೇಳದಿದ್ದರೆ ಮರ ಒಣಗುತ್ತದೆ. ರೂಪಶ್ರೀಗೆ ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ.

ಅಷ್ಟರಲ್ಲಿ ಪರಮೇಶ್ವರಪ್ಪನವರೇ ಏದುಸಿರು ಬಿಡುತ್ತ ಹೊಳೆಯಿಂದ ಹತ್ತಿ ಬಂದರು. ಅಂದು ಸೋಮವಾರ. ಕೈಯಲ್ಲಿ ಹಿತ್ತಾಳೆ ಕೊಡವಿತ್ತು.

"ಹೆಂಗೈತವ್ವ ಕಟ್ಟೆ?"

"ಚೆನ್ನಾಗೈತ್ರಿ ಅಪ್ಪಾಜಿ. ಆದ್ರೆ ಅರಳಿಗಿಡ ಉಳಿಯಲ್ಲ," ಎಂದಳು ರೂಪಶ್ರೀ.

"ಯಾಕ? ಏನ್ ಕಮ್ಮಿ ಮಾಡೀನಿ?" ಮುದುಕರ ದನಿ ಏರಿತು. "ಪಾಪ, ಆಕಿ ಕೆಸರಾಗೇ ನಿಂತು ನೀರು ಹಾಕಿದ್ಲು. ಆಕಿ ಹೆಸರಿರೋ ಜಾಗ ಚೊಕ್ಕ ಇರ್ಲಿ ಅಂತ ಮಾಡ್ಸೀನಿ. ಅದೂ ತಪ್ಪೇನು?"

"ಬೈಯೋದು ಆಮ್ಯಾಲೆ ಬೈರಿ. ಮೊದ್ಲು ಅಮ್ಮಾರ ಗಿಡಕ್ಕೆ ನೀರು ಹಾಕ್ರಿ."

ಅವರು ಗೊಣಗುತ್ತಲೇ ಕೊಡ ಬಗ್ಗಿಸಿದರು. ನೀರು ಹೆಸರಿನ ಮೇಲೆ ಹರಡಿ, ಕಟ್ಟೆಯಿಂದ ಇಳಿದು, ಅವರ ಪಾದ ತೋಯಿಸಿ ಚರಂಡಿಯ ಕಡೆ ಹೊರಟಿತು. ಪರಮೇಶ್ವರಪ್ಪ ಬಗ್ಗಿ ಕೈ ಅಡ್ಡ ಹಿಡಿದರು. ಬೆರಳಸಂದಿಯಿಂದ ನೀರು ಜಾರಿ ಹೋಯಿತು.

"ಒಂದ್ ಹನೀನೂ ಇಳೀಲಿಲ್ಲಲ್ಲೋ ಬಕ್ಕೇಶ," ಎಂದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, "ಕೀಳ್ಸು," ಎಂದರು.

"ಸಿಮೆಂಟ್ ಬಿಗಿದೈತ್ರಿ ಸಾವ್ಕಾರ್ರೇ. ಅಮ್ಮಾರ ಹೆಸರಿನ ಕಲ್ಲು ಇಡಿಯಾಗಿ ಬರಲ್ಲ, ಒಡೀತೈತೆ."

"ಒಡೀಲಿ."

ಹಾರೆಯ ಮೊದಲ ಏಟಿಗೆ ಅವರು ಮುಖ ಆಚೆ ತಿರುಗಿಸಿದರು. ಹೆಸರಿನ ಚೂರುಗಳನ್ನು ರೂಪಶ್ರೀ ಆಯ್ದು ಅವರ ಹೆಗಲ ಮೇಲಿನ ವಲ್ಲಿಯಲ್ಲಿ ಕಟ್ಟಿಕೊಟ್ಟಳು. ಕಲ್ಲು ಎದ್ದ ಕಡೆ ಕಪ್ಪು ಮಣ್ಣು ಕಂಡಿತು. ಪರಮೇಶ್ವರಪ್ಪ ಖಾಲಿ ಕೊಡ ಎತ್ತಿಕೊಂಡರು.

"ಕೊಡ್ರಿ ಅಪ್ಪಾಜಿ, ನಾನು ತರ್ತೀನಿ. ನಿಮ್ಗೆ ಮೊಣಕಾಲು ನೋವು."

"ಬ್ಯಾಡವ್ವ. ಇದು ನಮ್ಮನಿ ಕೆಲ್ಸ."

ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಅವರು ಮತ್ತೆ ಹೊಳೆಗೆ ಹೋದರು.